ಗುಡ್ಡ ದಾಟುವ ತನಕ ಹೇಳದ ಮಾತು

ದೇಶಕ್ಕೆ ಸ್ವಾತಂತ್ರ್ಯ ಬಂದ ಮರುವರ್ಷದ ಬೇಸಿಗೆ ಅದು. ನನಗಾಗ ಹದಿನೇಳು. ಮುಂಡರಗಿ ಸೀಮೆಯಲ್ಲಿ, ಕಪ್ಪತ್ತಗುಡ್ಡದ ಮೂಡಲ ಬುಡಕ್ಕೆ ನಮ್ಮ ಊರು. ಒಂದು ದಿನ ನಸುಕಿನಲ್ಲಿ ನಮ್ಮಜ್ಜಿ, ಅಂದರೆ ಅಪ್ಪನ ತಾಯಿ, ದಮ್ಮು ಹೆಚ್ಚಾಗಿ ತೀರಿಕೊಂಡಳು. ಆಕೆಗೆ ಇದ್ದವರು ಎರಡೇ ಮಕ್ಕಳು. ಒಬ್ಬ ನಮ್ಮಪ್ಪ, ಇನ್ನೊಬ್ಬಳು ಗುಡ್ಡದ ಆಚೆ ಶಿರಹಟ್ಟಿ ಕಡೆಯ ಹಳ್ಳಿಗೆ ಕೊಟ್ಟಿದ್ದ ನೀಲತ್ತೆ.

ಬೇಸಿಗೆಯಲ್ಲಿ ಹೆಣವನ್ನು ಮರುದಿನದ ತನಕ ಇಡುವಂತಿರಲಿಲ್ಲ. ಹೊತ್ತು ಮುಳುಗುವುದರೊಳಗೆ ಮಣ್ಣು ಮಾಡಬೇಕು, ಅಷ್ಟರಲ್ಲಿ ಮಗಳು ಬಂದು ತಾಯಿಯ ಮುಖ ನೋಡಬೇಕು. ಗಡಿಯಾಚೆ ನಿಜಾಮನ ಸೀಮೆಯಲ್ಲಿ ಗಲಾಟೆ ನಡೆದಿತ್ತು, ಗದಗ ಸುತ್ತಿ ಬರುವ ಮೋಟಾರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಗುಡ್ಡ ಹತ್ತಿಳಿದರೆ ಮೂರೇ ಹರದಾರಿ. ಅಪ್ಪ ನನ್ನನ್ನು ಅಂಗಳದ ಮೂಲೆಗೆ ಕರೆದ.

"ಸತ್ತಾಳ ಅಂತ ಬಾಯಿ ಬಿಡಬ್ಯಾಡ. ಭಾಳ ಅರಾಮಿಲ್ಲ, ನಿನ್ನ ನೋಡಬೇಕಂತಾಳ ಅನ್ನು. ಖರೆ ಹೇಳಿದೆಂದ್ರ ಅಕಿ ದಾರ್ಯಾಗ ಕುಸದು ಕುಂಡ್ರತಾಳ. ಗುಡ್ಡದಾಗ ಹೊತಗೊಂಡು ಬರಾವ್ರು ಯಾರು?"

ನಮ್ಮ ಕಡೆ ಸಾವಿನ ಸುದ್ದಿಯನ್ನು ಹೀಗೆಯೇ ಮುಟ್ಟಿಸುತ್ತಿದ್ದರು. ಕೇಳಿದವರೂ ಅರ್ಧ ಊಹಿಸಿಕೊಂಡೇ ಹೊರಡುತ್ತಿದ್ದರು. ಆದರೆ ಅಜ್ಜಿಯ ದಮ್ಮು ಹಳೆಯದು. ಹಿಂದೆ ಎರಡು ಸಲ ಹೀಗೇ ಹೇಳಿಕಳಿಸಿದಾಗ, ಅತ್ತೆ ಬರುವಷ್ಟರಲ್ಲಿ ಅಜ್ಜಿ ಎದ್ದು ಕೂತು ರೊಟ್ಟಿ ಮುರಿಯುತ್ತಿದ್ದಳು. ಅದು ನಮ್ಮಪ್ಪನಿಗೂ ನೆನಪಾಗಲಿಲ್ಲ, ನನಗೂ ಆಗಲಿಲ್ಲ.

ನಾನು ಅತ್ತೆಯ ಊರು ಮುಟ್ಟಿದಾಗ ಹೊತ್ತು ಏರಿತ್ತು. ಮಾವ ಗಾಡಿ ಹೂಡಿಕೊಂಡು ಲಕ್ಷ್ಮೇಶ್ವರಕ್ಕೆ ಹೋಗಿದ್ದ. ಅತ್ತೆ ಒಬ್ಬಳೇ ಇದ್ದಳು. ಕಲಿಸಿಕೊಟ್ಟಂತೆ ಹೇಳಿದೆ.

"ನಮ್ಮವ್ವ ವರ್ಷಕ್ಕ ಎರಡು ಸಲ ಸಾಯತಾಳ ತಗೊ," ಎಂದು ಅತ್ತೆ ನಕ್ಕಳು. "ನನ್ನ ಕರಸಾಕ ಅಕಿದೊಂದು ಆಟ. ಕುಂಡ್ರು, ಸಜ್ಜಕ ಮಾಡ್ತೀನಿ. ಹಲ್ಲಿಲ್ಲ ಪಾಪ, ಮೆತ್ತಗ ತಿಂತಾಳ."

"ಬ್ಯಾಡತ್ತಿ, ಜಲ್ದಿ ಹೋಗೂಣು."

"ಬರಿಗೈಲೆ ಹೋಗಲೇನು ತವರಮನಿಗಿ?"

ರವೆ ಹುರಿದು, ಬೆಲ್ಲ ಕರಗಿಸಿ, ಅದನ್ನು ಡಬ್ಬಿಗೆ ತುಂಬಿ, ಎಮ್ಮೆಯನ್ನು ನೆರೆಮನೆಯವರಿಗೆ ಒಪ್ಪಿಸಿ ಹೊರಡುವಷ್ಟರಲ್ಲಿ ನಡುಮಧ್ಯಾಹ್ನ. ನಾನು ಹೊಸ್ತಿಲ ಮೇಲೆ ಕುಳಿತು ನೀರಿನ ಮೇಲೆ ನೀರು ಕುಡಿಯುತ್ತಿದ್ದೆ.

ಆ ಬಿಸಿಲಿನಲ್ಲಿ ಗುಡ್ಡ ಬೋಳು ಬೋಳು. ಒಣಗಿದ ಜೋಳದ ಕಣಿಕೆಯಂಥ ಹುಲ್ಲು, ಮುಳ್ಳುಕಂಟಿ, ಕಣ್ಣು ಹಾಯುವ ತನಕ ಕರಿಕಲ್ಲು. ಮುಂದೆ ನಾನು ಮಾಸ್ತರನಾದ ಮೇಲೆ, ಗುಡ್ಡದ ಕಲ್ಲು ನೋಡಲು ಬಂದಿದ್ದ ಅಧಿಕಾರಿಯೊಬ್ಬರು ಅದರ ಕತೆ ಹೇಳಿದರು. ದಿಂಬು ಒಟ್ಟಿದಂತೆ ಕಾಣುವ ಆ ಬಂಡೆಗಳು ಎಣಿಕೆಗೆ ಸಿಗದಷ್ಟು ಹಿಂದೆ ನೀರಿನಡಿಯಲ್ಲಿ ಉಕ್ಕಿ ಹರಿದ ಬೆಂಕಿಯ ರಸವಂತೆ, ತಣ್ಣಗಾಗಿ ಹಾಗೆ ಗಟ್ಟಿಯಾದವಂತೆ. ಕಣಿವೆಯ ಗುಂಡುಗಲ್ಲುಗಳನ್ನು ಯಾವುದೋ ಕಾಲದ ಮಹಾಪೂರ ಉರುಳಿಸಿ ತಂದದ್ದಂತೆ. ಆ ದಿನ ನನಗೆ ಇದಾವುದೂ ಗೊತ್ತಿರಲಿಲ್ಲ. ಕಲ್ಲು ಕಾಲು ಸುಡುತ್ತಿತ್ತು, ಅಷ್ಟೇ.

ಅತ್ತೆ ದಾರಿಯುದ್ದಕ್ಕೂ ಮಾತು. ತಾನು ಸಣ್ಣವಳಿದ್ದಾಗ ಅಜ್ಜಿ ಬಡಿಗೆ ಹಿಡಿದು ಅಟ್ಟಿಸಿಕೊಂಡು ಬಂದದ್ದು, ಅಪ್ಪ ಎಮ್ಮೆಯ ಮೇಲಿಂದ ರಾಡಿಗೆ ಬಿದ್ದದ್ದು. ಹೇಳಿ ತಾನೇ ನಗುವಳು. "ಯಾಕಲೇ ಬಸ್ಯಾ, ಮಾರಿ ಗಂಟ ಹಾಕ್ಕೊಂಡಿ? ನಿನಗೂ ದಮ್ಮೇನು?" ಎಂದು ಬೆನ್ನಿಗೊಂದು ಕೊಟ್ಟಳು. ನಾನೂ ಹಲ್ಲು ಕಿಸಿದೆ. ಥೂ, ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಹೇಸಿಗೆ.

ಗುಡ್ಡದ ನೆತ್ತಿ ದಾಟಿ ಇಳಿಯುವಾಗ ಒಂದು ಒಣಹಳ್ಳ. ಅಲ್ಲಿ ಅತ್ತೆ ಗಕ್ಕನೆ ನಿಂತಳು. ಬಂಡೆಯ ನೆರಳಿನಲ್ಲಿ ಆಡುಮುಟ್ಟದ ಬಳ್ಳಿ ಸಿಗುತ್ತದೆ, ದಮ್ಮಿಗೆ ಅದರಂಥ ಔಷಧ ಇಲ್ಲ ಎಂದು ಹುಡುಕತೊಡಗಿದಳು.

"ಅತ್ತಿ, ಹೊತ್ತಾತು. ನಾಳೆ ನಾ ಬಂದು ತರ್ತೀನಿ."

"ಔಷಧ ಬಿಟ್ಟು ಹೋಗಿ ಅವ್ವನ ಮಾರಿ ನೋಡಿಕೋತ ಕುಂಡ್ರಲೇನು? ನೀನೂ ಹುಡುಕು."

ಹುಡುಕಿದೆ! ಸತ್ತ ಅಜ್ಜಿಯ ದಮ್ಮಿಗೆ ಔಷಧ ಹುಡುಕುತ್ತ ಕಲ್ಲುಕಲ್ಲಿನ ಸಂದಿಗೆ ಕೈ ಹಾಕಿದೆ. ಬೇಸಿಗೆಯಲ್ಲಿ ಬಳ್ಳಿ ಎಲ್ಲಿ ಸಿಗಬೇಕು? ಅತ್ತೆ ಒಂದು ಬಂಡೆ ಹತ್ತಿದಳು, ಇನ್ನೊಂದು ಹತ್ತಿದಳು, ಮೊಣಕೈ ತರಚಿ ರಕ್ತ ಬಂತು. ಬಂಡೆಗಳ ನೆರಳು ಹಳ್ಳದ ತುಂಬ ಉದ್ದಕ್ಕೆ ಬೀಳುತ್ತಿತ್ತು. ಮೂರು ಸಲ ಬಾಯಿ ತೆರೆದೆ. ಮೂರು ಸಲವೂ ಅಪ್ಪನ ಮಾತು ಅಡ್ಡ ಬಂತು. ಇಲ್ಲಿ ಕುಸಿದು ಕುಳಿತರೆ ಏನು ಮಾಡಲಿ? ಕಡೆಗೆ ಒಂದು ಹಿಡಿ ಬಾಡಿದ ಎಲೆ ಸಿಕ್ಕಿತು. ಸೆರಗಿನಲ್ಲಿ ಕಟ್ಟಿಕೊಂಡು, "ಈಗ ನಡಿ, ಎಷ್ಟು ಜಲ್ದಿ ನಡಸ್ತಿ ನಡಸು," ಎಂದಳು.

ಊರು ಕಾಣುವಾಗ ಹೊತ್ತು ಮುಳುಗಿತ್ತು. ಹೊಲದ ಅಂಚಿನಲ್ಲಿ ಮಣ್ಣು ಮಾಡಿ ಬರುವವರ ಗುಂಪು ಎದುರಾಯಿತು. ಮುಂದೆ ಅಪ್ಪ, ತಲೆಯ ಮೇಲೆ ರುಮಾಲಿಲ್ಲ. ಅತ್ತೆಯ ಕಾಲು ನಿಂತವು. ಒಬ್ಬೊಬ್ಬರ ಮುಖವನ್ನೂ ನೋಡಿದಳು.

"ಕಾಯುವಷ್ಟು ಕಾದ್ವಿ, ನೀಲಾ," ಎಂದ ಅಪ್ಪ. "ಹೊತ್ತು ಮುಳಗಾಕ ಬಂದಿತ್ತು."

"ಯಾವಾಗ ಹೋದ್ಲು?"

"ನಸಕಿನಾಗ."

ಅತ್ತೆ ಕುಸಿಯಲಿಲ್ಲ. ಎದೆ ಬಡಿದುಕೊಳ್ಳಲಿಲ್ಲ. ನನ್ನ ಕಡೆ ತಿರುಗಿದಳು. "ಹೇಳಿದ್ರ ನಾ ಓಡಿ ಬರತಿದ್ದೆಲ್ಲೋ, ಬಸ್ಯಾ," ಎಂದಳು. ಆಮೇಲೆ ಹೊಸ ಮಣ್ಣಿನ ಗುಡ್ಡೆಯ ಹತ್ತಿರ ಹೋಗಿ ಕುಳಿತಳು. ಯಾರು ಕರೆದರೂ ಬಹಳ ಹೊತ್ತು ಏಳಲಿಲ್ಲ. ಅಪ್ಪ ದೂರದಲ್ಲಿ ನಿಂತು ಸಣ್ಣ ಹುಡುಗನಂತೆ ಅಳುತ್ತಿದ್ದ.

ಕರ್ನಾಟಕ ಒಂದಾದ ವರ್ಷ ಅತ್ತೆ ದೀಪಾವಳಿಗೆ ನಮ್ಮಲ್ಲಿಗೆ ಬಂದಿದ್ದಳು. ಅಪ್ಪ ಆಗಲೇ ತೀರಿಹೋಗಿದ್ದ. ಅಡುಗೆಮನೆಯಲ್ಲಿ ಒಬ್ಬಳೇ ಇದ್ದಾಗ ಆಕೆಯ ಕಾಲು ಹಿಡಿದೆ. "ತಪ್ಪಾತತ್ತಿ. ಅವತ್ತು ನಾ ಹೇಳಬೇಕಿತ್ತು."

"ಏಳೋ ಹುಚ್ಚಾ. ನಿಮ್ಮಪ್ಪ ಹೇಳಿದಂಗ ಮಾಡಿದಿ, ನಿಂದೇನೈತಿ," ಎಂದು ತಲೆ ಸವರಿದಳು. ಒಲೆಯ ಕಟ್ಟಿಗೆ ಮುಂದಕ್ಕೆ ನೂಕಿದಳು. "ಮಾರಿ ನೋಡಾಕ ಸಿಗಲಿಲ್ಲ, ಅದನ್ನ ಹೆಂಗರ ನುಂಗಿದೆ. ಆದ್ರ ನಮ್ಮವ್ವ ಅಲ್ಲಿ ಹೆಣಾಗಿ ಕುಂತಿದ್ಲು, ನಾ ಇಲ್ಲಿ ಗುಡ್ಡದ ತುಂಬ ನಕ್ಕೋತ ಬಂದೆ. ಆ ನಗಿನ್ನ ಎಲ್ಲಿ ಒಯ್ದು ಇಡ್ಲೋ, ತಮ್ಮಾ?"