ಸೋನಾರ್‌ಪುರದ ದೊಡ್ಡ ಬೂಟು

ವಿಳಾಸವೆಂಬುದು ಮನುಷ್ಯನ ಮರ್ಯಾದೆಯನ್ನು ಹೆಚ್ಚಿಸಬೇಕು; ನನ್ನದು ಮಾತ್ರ ಬಹುಕಾಲ ಅದನ್ನು ಪಾದರಕ್ಷೆಯ ಕೆಳಗೇ ಇಟ್ಟಿತ್ತು. ನೋಡಿ, ಕಾಶಿಗೆ ಬರುವ ದಕ್ಷಿಣದ ಯಾತ್ರಿಕರಿಗೆ ಶ್ರಾದ್ಧ, ಪಿಂಡಪ್ರದಾನ ಮಾಡಿಸುವ ಪುರೋಹಿತ ನಾನು. ಮನೆ ಸೋನಾರ್‌ಪುರದ ಒಂದು ಗಲ್ಲಿಯೊಳಗೆ. ಗಲ್ಲಿಯ ಬಾಯಲ್ಲೇ ಚಪ್ಪಲಿ ಅಂಗಡಿ. ಅದರ ತಾರಸಿಯ ಮೇಲೆ, ಆನೆಯೊಂದು ಸಂಜೆಯ ವಾಯುವಿಹಾರಕ್ಕೆ ಮೆಟ್ಟಿಕೊಂಡು ಹೋಗಬಹುದಾದಷ್ಟು ದೊಡ್ಡದಾದ, ಫೈಬರಿನ ಕಂದು ಬೂಟು. "ದೊಡ್ಡ ಬೂಟಿನ ಹತ್ತಿರ ಇಳಿಯಿರಿ" ಎಂದು ಫೋನಿನಲ್ಲಿ ಹೇಳುವಾಗಲೆಲ್ಲ ವೇದಾಧ್ಯಯನ ಮಾಡಿದ ನಾಲಗೆ ತಡವರಿಸುತ್ತಿತ್ತು. ಹತ್ತಿರದ ಕೇದಾರೇಶ್ವರನ ಗುಡಿಯ ಗುರುತು ಹೇಳಿ ನೋಡಿದೆ. ಬಂದವರು ಅಲ್ಲೇ ದರ್ಶನ ಮುಗಿಸಿ ಬೇರೆ ಪುರೋಹಿತರ ಕೈಸೇರಿದರು. ಬೂಟು ಮಾತ್ರ ಯಾರನ್ನೂ ದಾರಿ ತಪ್ಪಿಸಲಿಲ್ಲ.

ಹೋದ ಚಳಿಗಾಲದಲ್ಲಿ ಆ ಅಂಗಡಿಯನ್ನು ಕೊಂಡವರು ಮೊಬೈಲ್ ಮಾರಲು ಕುಳಿತು, ಬೂಟನ್ನು ಕತ್ತರಿಸಿ ಇಳಿಸಿಬಿಟ್ಟರು. ನಾನು ಒಳಗೊಳಗೇ ಹಿಗ್ಗಿದೆ. ಹೆಂಡತಿ ಶಾರದೆ ಮಾತ್ರ, "ಇನ್ನು ನಿಮ್ಮನ್ನ ಯಾರು ಹುಡುಕ್ಕೊಂಡು ಬರ್ತಾರೆ?" ಎಂದಳು.

ಕೆಲವೇ ದಿನಗಳಲ್ಲಿ ಮೈಸೂರಿನ ಸಾವಿತ್ರಮ್ಮ ಬರಬೇಕಿತ್ತು. ಹಿಂದೊಮ್ಮೆ ಗಂಡನೊಡನೆ ಬಂದು ಹೋದವರು. ಈಗ ಗಂಡನ ಅಸ್ಥಿಯನ್ನೇ ತರುವವರಿದ್ದರು. ಆ ದಿನ ಹೊತ್ತಾದರೂ ಅವರ ಸುಳಿವಿಲ್ಲದೆ ನಾನೇ ರಸ್ತೆಗೆ ಬಂದೆ. ಗಲ್ಲಿಯ ಎದುರಿಗೇ ಒಂದು ಇ-ರಿಕ್ಷಾ ಅಡ್ಡ ನಿಂತಿತ್ತು; ಅದರ ಹಿಂದೆ ಹಾರ್ನುಗಳ ಸಾಮೂಹಿಕ ಪಾರಾಯಣ; ಒಳಗೆ, ಬಟ್ಟೆ ಸುತ್ತಿದ ತಾಮ್ರದ ಚೊಂಬನ್ನು ಮಡಿಲಲ್ಲಿಟ್ಟುಕೊಂಡು ಸಾವಿತ್ರಮ್ಮ.

"ಪಂಡಿತ್‌ಜೀ, ಆಪ್ ಹೀ ಬತಾಯಿಯೇ, ಜೂತಾ ಯಹೀ ಹೈ ನಾ?" ಬೂಟಿನ ಜಾಗ ಇದೇ ಅಲ್ಲವೇ, ನೀವೇ ಹೇಳಿ ಎಂದು ಚಾಲಕ ಕೈಮುಗಿದ. ಬೂಟು ಹೋದರೂ ರಿಕ್ಷಾದವರ ಬಾಯಲ್ಲಿ ಆ ಜಾಗದ ಹೆಸರು 'ಜೂತಾ' ಎಂದೇ ಉಳಿದಿತ್ತು.

"ಸುಳ್ಳು ಹೇಳ್ತಿದ್ದಾನೆ ಭಟ್ರೇ. ಬೂಟು ಎಲ್ಲಿದೆ ತೋರಿಸಲಿ, ಇಳೀತೀನಿ," ಎಂದರು ಸಾವಿತ್ರಮ್ಮ.

ತೆಗೆದುಹಾಕಿದ್ದಾರೆ ಎಂದೆ. ಅವರು ತಲೆ ಹೊರಚಾಚಿ ಮೇಲೆ ನೋಡಿದರು. ತಾರಸಿಯಲ್ಲಿ ಕಬ್ಬಿಣದ ಎರಡು ಸರಳು, ಒಂದು ಕೋತಿ.

"ಅವತ್ತು ನಮ್ಮೆಜಮಾನ್ರು ನನ್ನನ್ನ ಅದರ ಕೆಳಗೆ ನಿಲ್ಲಿಸಿ ಫೋಟೋ ತೆಗೆದಿದ್ರು. ನಿನ್ನ ಕಾಲಿಗೆ ಸರಿಯಾಗತ್ತೆ ಅಂತ ನಕ್ಕಿದ್ರು. ಸಂಜೆವರೆಗೂ ನಾನು ಮಾತು ಬಿಟ್ಟಿದ್ದೆ. ಇವತ್ತು ಇಬ್ಬರೂ ಇನ್ನೊಂದು ಸಲ ನೋಡ್ಕೊಂಡು ಹೋಗೋಣ ಅಂತಿದ್ದೆ."

ಮರಣಕ್ಕೆ ಒದಗುವ ಸಮಾಧಾನದ ಶ್ಲೋಕಗಳು ನನ್ನಲ್ಲಿ ಹೇರಳವಾಗಿವೆ. ಬೂಟಿನ ವಿಯೋಗಕ್ಕೆ ಒಂದೂ ಹೊಳೆಯಲಿಲ್ಲ. ಚಾಲಕನೇ ಕೆಳಗಿಳಿದು, ಕೈ ಅಗಲಿಸಿ, ಬೂಟಿನ ಮೂತಿ ಎಲ್ಲಿತ್ತು, ಹಿಮ್ಮಡಿ ಎಲ್ಲಿತ್ತು ಎಂದು ಗಾಳಿಯಲ್ಲಿ ಬಿಡಿಸತೊಡಗಿದ. ಮೂತಿ ಆ ಕಡೆಗಲ್ಲ, ಈ ಕಡೆಗೆ ಎಂದು ನಾನು ತಿದ್ದಿದೆ. ಅವನು ಒಪ್ಪಲಿಲ್ಲ. ನಡುರಸ್ತೆಯಲ್ಲಿ ಇಬ್ಬರು ಗಂಡಸರು ಇಲ್ಲದ ಬೂಟಿಗಾಗಿ ಜಗಳವಾಡುವುದನ್ನು ಕಂಡು ಸಾವಿತ್ರಮ್ಮನಿಗೆ ನಗು ಬಂತು. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು. ಚೊಂಬನ್ನು ಎದೆಗವಚಿಕೊಂಡು ಇಳಿದು, ಸರಳುಗಳ ನೇರ ಕೆಳಗೆ ಸ್ವಲ್ಪ ಹೊತ್ತು ನಿಂತರು.

"ನಡೀರಿ ಭಟ್ರೇ," ಎಂದರು, "ತಡ ಆದ್ರೆ ಅವರಿಗೆ ಆಗ್ತಿರಲಿಲ್ಲ."