ಔರಾದದ ಕೋಣೆಯಲ್ಲಿ ಗಿಟಾರಿನ ದನಿ

ಬೀದರಿನಲ್ಲಿ ಕಾಲೇಜು ಓದುವಾಗ ನಾನೂ ಗೆಳೆಯನೊಬ್ಬನೂ ಸೇರಿ ರಾಕ್ ಸಂಗೀತ ನುಡಿಸುತ್ತಿದ್ದೆವು. ಅವನದು ರಿದಂ ಗಿಟಾರು, ನನ್ನದು ಲೀಡ್. ಓದು ಮುಗಿದ ಮೇಲೆ ಅವನು ಅಲ್ಲೇ ಟೈರಿನ ಅಂಗಡಿ ಹಾಕಿದ. ನನಗೆ ಔರಾದದ ಪಶು ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಗಿಟಾರು, ಸಣ್ಣದೊಂದು ಆಂಪ್ಲಿಫೈಯರ್, ದನಿಯನ್ನು ಒರಟಾಗಿಸುವ ಡಿಸ್ಟಾರ್ಷನ್ ಪೆಡಲ್, ಇಷ್ಟನ್ನೂ ಬಸ್ಸಿನಲ್ಲಿ ಹೇರಿಕೊಂಡು ಬಂದು ಮಹಡಿಯ ಮೇಲೊಂದು ಕೋಣೆ ಹಿಡಿದೆ.

ಕೆಳಗೆ ಮನೆಯ ಒಡತಿ ಒಬ್ಬರೇ ಇದ್ದರು. ನಿವೃತ್ತ ಶಿಕ್ಷಕಿ. ಅವರಿಗೆ ತೊಂದರೆಯಾಗದಿರಲೆಂದು ದನಿ ತೀರಾ ತಗ್ಗಿಸಿಯೇ ನುಡಿಸುತ್ತಿದ್ದೆ. ನನಗೆ ಬೇಕಾಗಿದ್ದದ್ದು ಒಂದೇ ಸ್ವರ ಹಿಡಿದರೂ ಗಂಟಲು ಬಿಚ್ಚಿ ಹಾಡಿದಂತೆ ನಿಲ್ಲುವ, ದಪ್ಪನೆಯ ದನಿ. ಬರುತ್ತಿದ್ದದ್ದು ಡಬ್ಬಿಯೊಳಗೆ ಸಿಕ್ಕಿಬಿದ್ದ ನೊಣದ ಗುಂಯ್‌ಗುಟ್ಟುವಿಕೆ. ಡಿಸ್ಟಾರ್ಷನ್ ಏರಿಸಿದಷ್ಟೂ ಅದು ಇನ್ನಷ್ಟು ತೆಳುವಾಗುತ್ತಿತ್ತು. ಹಗಲೆಲ್ಲ ಕುರಿಗಳಿಗೆ ಔಷಧ ಕುಡಿಸಿ ಬಂದು, ಸಂಜೆ ಆಂಪ್ಲಿಫೈಯರಿನ ಗುಂಡಿಗಳನ್ನು ತಿರುಗಿಸುತ್ತ ಕೂರುತ್ತಿದ್ದೆ. ಮೊದಲಿನದು ಚೆನ್ನಾಗಿತ್ತೋ ಈಗಿನದೋ ಎಂದು ಕೇಳಲು ಆ ಊರಿನಲ್ಲಿ ನನಗೆ ಯಾರೂ ಇರಲಿಲ್ಲ.

ಒಂದು ಬೆಳಿಗ್ಗೆ ಮನೆಯೊಡತಿ ಚೀಲ ಹಿಡಿದು ಮೆಟ್ಟಿಲ ಬಳಿ ನಿಂತಿದ್ದರು.

"ಮಗಳ ಬಾಣಂತನಕ್ಕ ಭಾಲ್ಕಿಗಿ ಹೊಂಟೀನ್ರಿ. ಮನಿ ಖಾಲಿ ಇರ್ತದ. ಇಷ್ಟ್ ದಿನ ಅಂಜ್ಕೊಂತ ಬಾರಿಸೀರಿ, ಈಗರೆ ಜೋರ್ ಬಾರಸ್ರಿ," ಎಂದರು.

ಅವರಿಗೆ ಎಲ್ಲ ಕೇಳಿಸುತ್ತಿತ್ತೆಂದು ನನಗೆ ಗೊತ್ತಾದದ್ದು ಆಗಲೇ.

ಆ ಭಾನುವಾರ ಮಧ್ಯಾಹ್ನ ವಾಲ್ಯೂಮ್ ಎತ್ತಿದೆ. ಮೊದಲು ಬರೀ ಕರ್ಕಶ ಸದ್ದು. ಡಿಸ್ಟಾರ್ಷನ್ ಅರ್ಧಕ್ಕೆ ಇಳಿಸಿದೆ. ಸದಾ ತಗ್ಗಿಸಿಡುತ್ತಿದ್ದ, ನಡುಸ್ಥಾಯಿಯ ಮಿಡ್ ಗುಂಡಿಯನ್ನು ಮೇಲೇರಿಸಿದೆ. ಮೂರನೆಯ ತಂತಿಯನ್ನು ಎಳೆದು ಹಿಡಿದಾಗ ಸ್ವರ ಸಾಯಲಿಲ್ಲ; ನಡುಗುತ್ತ ನಿಂತಿತು, ನಿಂತಲ್ಲೇ ತುಂಬಿಕೊಂಡಿತು. ಮೈ ಜುಮ್ಮೆಂದಿತು. ನಗುತ್ತ, ಗೆಳೆಯ ನಿಲ್ಲುತ್ತಿದ್ದ ಪಕ್ಕಕ್ಕೆ ತಿರುಗಿದೆ. ಹಗ್ಗದ ಮೇಲೆ ಒಣಹಾಕಿದ ನನ್ನ ಅಂಗಿ ಮಾತ್ರ ಇತ್ತು.

ಗೆಳೆಯನಿಗೆ ಫೋನ್ ಹಚ್ಚಿ ಕೇಳಿಸಿದೆ. ಏನೂ ತಿಳಿಯುತ್ತಿಲ್ಲ, ಬರೀ ಗರಗರ ಎಂದ. ಮುಂದಿನ ಭಾನುವಾರ ಎಲ್ಲವನ್ನೂ ಹೊತ್ತುಕೊಂಡು ಬೀದರಿಗೆ ಹೋದೆ. ಅಂಗಡಿಯ ಹಿಂದೆ, ಟೈರುಗಳ ನಡುವೆ ಆಂಪ್ಲಿಫೈಯರ್ ಇಟ್ಟು ಅದೇ ಸ್ವರ ನುಡಿಸಿದೆ. ಅವನು ಕೈಯಲ್ಲಿದ್ದ, ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟು, ಕದಲದೆ ಕೇಳಿದ.

"ಇದೇ ನೋಡ್ ದೋಸ್ತ್, ಕಾಲೇಜಿನ್ಯಾಗ ನಾವ್ ಹುಡುಕ್ತಿದ್ದದ್ದು," ಎಂದ.

ಗಿಟಾರನ್ನು ಅವನತ್ತ ಚಾಚಿದೆ. ಅವನು ತನ್ನ ಅಂಗೈ ನೋಡಿಕೊಂಡ.

"ಬ್ಯಾಡೋ, ಕೈಯೆಲ್ಲ ಗ್ರೀಸ್ ಆಗ್ಯಾದ. ಬೆರಳೂ ಈಗ ತಂತಿ ಮ್ಯಾಲ ಹೊಳ್ಳಂಗಿಲ್ಲ."

ಒರೆಸಿಕೊಂಡು ಹಿಡಿ ಎನ್ನುವಷ್ಟರಲ್ಲಿ ಹೊರಗೆ ಯಾರೋ ಹಾರ್ನ್ ಹೊಡೆದರು. ಅವನು ಎದ್ದು ಹೋದ. ಆ ಗಾಡಿಯ ಪಂಕ್ಚರ್ ಹಾಕಿದ ಮೇಲೆ ಮತ್ತೊಂದು ಗಾಡಿ, ಅದಾದಮೇಲೆ ಇನ್ನೊಂದು. ನಡುವೆ ನನಗೆ ಚಹಾ ಕಳಿಸಿದ. ಔರಾದದ ಬಸ್ಸಿಗೆ ಹೊತ್ತಾದಾಗ ನಾನೇ ವೈರು ಸುತ್ತಿಕೊಂಡು ಹೊರಟೆ. ಟೈರಿನ ಮೇಲೆ ಬಗ್ಗಿದ್ದವನು ತಲೆ ಎತ್ತಿ, ಮತ್ತೆ ಬಾ ಎಂದ.

ಕೋಣೆಗೆ ಬಂದು ಗಿಟಾರಿಗೆ ವೈರು ಸಿಕ್ಕಿಸಿದೆ. ಕತ್ತಲಾಗುವವರೆಗೂ ನುಡಿಸಿದೆ. ದನಿ ಚೆನ್ನಾಗಿಯೇ ಇತ್ತು.