ಬಂದೂಕಿಗೆ ಹಚ್ಚಿದ ವಿಭೂತಿ

ಮನೋಳಿಯ ನಮ್ಮ ಓಣಿಯಲ್ಲಿ ಲೈಸೆನ್ಸಿನ ಬಂದೂಕು ಇರುವುದು ಸಿದ್ದಲಿಂಗವ್ವನ ಹತ್ತಿರ ಮಾತ್ರ. ಗಂಡ ತೀರಿಕೊಂಡ ಮೇಲೆ ಕಚೇರಿಗೆ ಅಲೆದು, ಹಟ ಹಿಡಿದು ತನ್ನ ಹೆಸರಿಗೆ ಮಾಡಿಸಿಕೊಂಡವಳು. ಹೊಳೆದಂಡೆಯ ಗೋವಿನಜೋಳಕ್ಕೆ ಹಂದಿ ನುಗ್ಗಿದರೆ ಆಕಾಶಕ್ಕೆ ಒಂದು ಗುಂಡು ಹಾರಿಸುತ್ತಾಳೆ. ಹಂದಿಯ ಜೊತೆಗೆ ಪಕ್ಕದ ಹೊಲದ ನಾನೂ ಬೆಚ್ಚಿಬೀಳುತ್ತೇನೆ. ಆದರೂ ಆಕೆಯೆಂದರೆ ನನಗೆ ಬಲು ಅಭಿಮಾನ.

ಮೊಮ್ಮಗಳು ಮಧು ನಡೆಯಲು ಕಲಿತದ್ದೇ ತಡ, ಸೊಸೆ ಗಂಗಾಳಿಗೆ ಬಂದೂಕಿನ ಭಯ ಹಿಡಿಯಿತು. ಮಗ ಸುಭಾಸ ಬೆಳಗಾವಿಯಿಂದ ಒಂದು ಕೀಲಿ ತಂದು ಅದರ ಕುದುರೆಗೆ, ಅಂದರೆ ಗುಂಡು ಹಾರಿಸಲು ಬೆರಳಿನಿಂದ ಎಳೆಯುವ ಕೊಕ್ಕೆಗೆ, ಹಾಕಿದ. ಕೀಲಿಯ ಪುಟ್ಟ ಗಾಜಿನ ಮೇಲೆ ಸಿದ್ದಲಿಂಗವ್ವ ಬೆರಳಿಟ್ಟರೆ ಮಾತ್ರ ತೆರೆಯುತ್ತದೆ. ಹೊರದೇಶದಲ್ಲಿ ಬಂದೂಕೇ ಒಡೆಯನ ಕೈ ಗುರುತು ಹಿಡಿಯುತ್ತದೆ ಎಂದು ಅವನ ಉಪದೇಶ ಬೇರೆ.

“ಹಂದಿ ಬಂದಾಗ ನಾ ಯಾರಂತ ಬಂದೂಕಿಗೆ ಹೇಳ್ಕೋತ ನಿಂದ್ರಲೇನು?” ಎಂದಳು ಸಿದ್ದಲಿಂಗವ್ವ. “ಮನ್ಯಾಗ ಅದು ಯಾವಾಗ್ಲೂ ಖಾಲಿನ ಇರತೈತಿ.”

“ಇರಬಹುದ್ರಿ ಅತ್ತಿ. ನನ್ನ ಜೀವ ಕೇಳವಲ್ದು,” ಎಂದಳು ಗಂಗಾ.

ನಾನು ಸಿದ್ದಲಿಂಗವ್ವನ ಪರ ವಹಿಸಿ ಸುಭಾಸನನ್ನು ಚೆನ್ನಾಗಿ ಗೇಲಿ ಮಾಡಿದೆ.

ಮಹಾನವಮಿಯ ಖಂಡೇಪೂಜೆ ಬಂತು. ಕುಡಗೋಲು, ಕೊಡಲಿಯ ಜೊತೆ ಬಂದೂಕನ್ನೂ ಗೂಟದಿಂದ ಇಳಿಸಿ ಮಣೆಯ ಮೇಲಿಟ್ಟರು. ಸಿದ್ದಲಿಂಗವ್ವ ಎಲ್ಲಕ್ಕೂ ಮೂರು ಬೆರಳಿನಿಂದ ವಿಭೂತಿ ಎಳೆದಳು, ಕೀಲಿಯನ್ನೂ ಬಿಡಲಿಲ್ಲ. ಆಮೇಲೆ ನೆನಪಾಯಿತು, ಕಟ್ಟಿಹಾಕಿದ ಆಯುಧಕ್ಕೆ ಆ ಮನೆಯಲ್ಲಿ ಪೂಜೆ ಮಾಡುವುದಿಲ್ಲ. ಬೆರಳಿಟ್ಟಳು. ಗಾಜಿನ ತುಂಬ ವಿಭೂತಿ. ಜಪ್ಪಯ್ಯ ಅಂದರೂ ಕೀಲಿ ತೆರೆಯಲಿಲ್ಲ. ಮಗನನ್ನೂ ಕೀಲಿ ಮಾರಿದವನನ್ನೂ ಬೈಯುತ್ತ ಒದ್ದೆ ಅರಿವೆ ತರಲು ಒಳಗೆ ಹೋದಳು.

ಪ್ರಸಾದಕ್ಕೆಂದು ಹೋಗಿದ್ದ ನಾನು ಸುಭಾಸನ ಜೊತೆ ಮಾತಿಗಿಳಿದೆ. ತಿರುಗಿ ನೋಡಿದರೆ ಮಧು ಮಣೆಯ ಬಳಿ ಕುಳಿತು ಕುದುರೆಯತ್ತ ಬೆರಳು ತೂರಿಸಲು ನೋಡುತ್ತಿದ್ದಾಳೆ. ಕೀಲಿ ಅಡ್ಡ ಇದ್ದುದರಿಂದ ಬೆರಳು ಒಳಗೆ ಹೋಗುತ್ತಿಲ್ಲ. ಗಂಗಾ ಓಡಿಬಂದು ಮಗುವನ್ನು ಎತ್ತಿಕೊಂಡಳು.

“ಖಾಲಿ ಐತೆಲ್ಲ, ಯಾಕ ಅಂಜತಿ?” ಎನ್ನುತ್ತ ಬಂದ ಸಿದ್ದಲಿಂಗವ್ವ, ತೋರಿಸಲೆಂದೇ ನಳಿಗೆ ಬಿಚ್ಚಿದಳು; ಕೀಲಿ ಕುದುರೆಗೆ ಮಾತ್ರ ಅಡ್ಡ ಇತ್ತು. ಒಳಗೆ ಕೆಂಪು ತೋಟಾ ಕುಳಿತಿತ್ತು. ಹಿಂದಿನ ವಾರ ಹೊಲ ಕಾಯುವಾಗ ತುಂಬಿದ್ದನ್ನು ತೆಗೆಯಲು ಮರೆತಿದ್ದಳು.

ಆಕೆ ತೋಟಾ ತೆಗೆದಿಟ್ಟು ಅಲ್ಲೇ ಕುಳಿತು, ಸೆರಗಿನಿಂದ ಮುಖ ಒರೆಸಿಕೊಂಡಳು.

“ಗಂಗಾ, ಆ ಕೀಲಿಗೆ ನಿನ್ನ ಬೆರಳ ಗುರ್ತ ಹಾಕವ್ವ,” ಎಂದಳು. “ನಂದು ತಗದುಬಿಡು.”

ಗಂಗಾ ಮಗುವನ್ನು ಅತ್ತೆಯ ಮಡಿಲಿಗೆ ಕೊಟ್ಟಳು.

ಈಗ ಹಂದಿ ಬಂದ ಸುದ್ದಿಯಾದರೆ ಸಿದ್ದಲಿಂಗವ್ವ ಮೊದಲು ಸೊಸೆಯನ್ನು ಕೂಗುತ್ತಾಳೆ. ಅತ್ತೆ ಸೊಸೆ ಕೂಡಿಯೇ ಹೊಲಕ್ಕೆ ಹೋಗುತ್ತಾರೆ. ನಳಿಗೆ ಖಾಲಿಯಾದದ್ದನ್ನು ಗಂಗಾ ಕಣ್ಣಾರೆ ನೋಡಿದ ಮೇಲೇ ಇಬ್ಬರೂ ಮನೆಗೆ ಬರುತ್ತಾರೆ.